ಕುರ್ಕಿ ಗುಡ್ಡದ ಪ್ರತಿಧ್ವನಿ

ಪೆರಯಾರ್ವಿಯಲ್ಲಿ ಯಾರು ಯಾರನ್ನು ಏನು ಬೇಕಾದರೂ ಕೇಳಬಹುದು. ನಿನ್ನ ಗಂಡ ಕುಡಿಯೋದು ಬಿಟ್ಟನೇ, ನಿನ್ನ ಹೊಟ್ಟೆಯಿಂದ ತೆಗೆದ ಕಲ್ಲು ಎಷ್ಟು ದಪ್ಪ ಇತ್ತು, ಮಗಳು ಆ ಮೀಸೆಯವನನ್ನು ಬಿಟ್ಟು ಬಂದದ್ದು ಯಾಕೆ, ಎಲ್ಲವನ್ನೂ ಕೇಳಬಹುದು, ಮತ್ತು ಕೇಳುತ್ತಾರೆ. ಕೇಳಬಾರದ ಪ್ರಶ್ನೆ ಒಂದೇ: ಹಿಲ್ಲಾ ಹಣ್ಣು ಎಲ್ಲಿ ಕಿತ್ತೆ?

ಬೇಸಿಗೆಯ ನಡುವೆ ಜೌಗುನೆಲದಲ್ಲಿ ಬಂಗಾರದ ಬಣ್ಣಕ್ಕೆ ತಿರುಗುವ ಪುಟ್ಟ ಹಣ್ಣು ಹಿಲ್ಲಾ. ಒಂದು ಗಿಡಕ್ಕೆ ಒಂದೇ ಹಣ್ಣು. ಕಾಡು ಯಾರದಾದರೂ ಆಗಿರಲಿ, ಹಣ್ಣು ಕಿತ್ತವರದು ಎಂಬುದು ಫಿನ್‌ಲೆಂಡಿನ ಕಾನೂನು. ಹಾಗಾಗಿ ಬೇಲಿ ಹಾಕುವಂತಿಲ್ಲ. ಬಾಯಿ ಮುಚ್ಚಿಕೊಂಡಿರುವುದೇ ಬೇಲಿ. ಒಂದೊಂದು ಮನೆಗೂ ಒಂದೊಂದು ಗುಟ್ಟಿನ ಜೌಗು ಇರುತ್ತದೆ. ಕೆಲವರು ಸಾಯುವಾಗಲೂ ಅದು ಎಲ್ಲಿದೆ ಅಂತ ಹೇಳದೆ ಹೋಗಿದ್ದಾರೆ. ಪಾದ್ರಿಗಳು ಕೊನೆಯ ಪ್ರಾರ್ಥನೆಯ ನೆಪದಲ್ಲಿ ಸಾಯುವವರ ಬಾಯಿಗೆ ಕಿವಿ ಹಚ್ಚಿ ಕೂತರೂ ಪ್ರಯೋಜನವಾಗಿಲ್ಲ. ದಾರಿಯಲ್ಲಿ ಸಿಕ್ಕವರು ಹೆಚ್ಚೆಂದರೆ "ಬಕೆಟ್ಟು ಹಿಡ್ಕೊಂಡಿದೀಯ" ಅನ್ನಬಹುದು. "ಹೂಂ, ಬಕೆಟ್ಟೇ" ಎಂದರೆ ಮಾತು ಮುಗಿಯಿತು.

ಇಂಥ ಊರಿಗೆ ತೌನೊ ಮದುವೆಯಾಗಿ ಬಂದವನು. ಅವನ ಸ್ವಂತ ಊರು ಸಮುದ್ರದ ದಂಡೆಯ ಕೆಮಿ. ಕೆಲಸ, ಹಳ್ಳಿ ಹಳ್ಳಿಗೆ ಪುಸ್ತಕ ಹೊತ್ತು ತಿರುಗುವ ಗ್ರಂಥಾಲಯದ ಬಸ್ಸು ಓಡಿಸುವುದು. ಪುಸ್ತಕಗಳನ್ನು ಓದಿದವನಲ್ಲ. ಆದರೆ ಓದುಗರಿಗಾಗಿ ಕಾಯುತ್ತಾ ಕೂತಲ್ಲೇ ಎಲ್ಲಾ ಪುಸ್ತಕಗಳ ಹಿಂಬದಿಯ ರಟ್ಟನ್ನು ಓದಿದ್ದ. ಅದರಿಂದ ಅವನಿಗೆ ಎಲ್ಲ ವಿಷಯವೂ ಗೊತ್ತಿತ್ತು, ಯಾವ ವಿಷಯವೂ ಹೇಗೆ ಮುಗಿಯುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವನ ಅತ್ತೆ ಲೆಂಪಿ ಮಾತನ್ನು ಉಪ್ಪಿನಂತೆ ಬಳಸುವ ಹೆಂಗಸು. ತೌನೊ ಅವಳಿಗೆ ಸೌದೆ ಒಡೆದ, ಹಬೆಸ್ನಾನದ ಸೌನಾ ಕೋಣೆಯ ಸೂರು ರಿಪೇರಿ ಮಾಡಿದ, ಚಳಿಗಾಲವೆಲ್ಲಾ ಅಂಗಳದ ಹಿಮ ಬಾಚಿದ. ಇಷ್ಟೆಲ್ಲಾ ಆಗಿಯೂ ಲೆಂಪಿ ಅವನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ಅಳಿಯ ಎಂದಂತೂ ಅನ್ನಲೇ ಇಲ್ಲ. "ಆ ಕೆಮಿಯವನಿಗೆ ಇನ್ನೊಂದ್ ಸೌಟು ಸೂಪು ಹಾಕು" ಎಂದು ಮಗಳಿಗೆ ಹೇಳುತ್ತಿದ್ದಳು, ಅವನು ಎದುರಿಗೇ ಕೂತಿರುವಾಗ. ಹಿಲ್ಲಾ ಕಾಲ ಬಂದಾಗ ತಾಯಿ ಮಗಳು ಬೆಳಗಾಗೆದ್ದು ಮಾಯವಾಗುತ್ತಿದ್ದರು. ತೌನೊ ಮನೆಯಲ್ಲಿ ಕೂತು ಜಾಡಿ ತೊಳೆಯುತ್ತಿದ್ದ. ಜೌಗಿಗೆ ಕರೆದೊಯ್ದ ದಿನ ತಾನು ಈ ಮನೆಯವನಾದೆ, ಅಲ್ಲಿಯವರೆಗೆ ಬಾಡಿಗೆದಾರ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಈ ದುಃಖ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಈ ವರ್ಷ ಒಂದು ಬೆಳಿಗ್ಗೆ ಲೆಂಪಿ ಬಾಗಿಲಲ್ಲಿ ನಿಂತು ಹೇಳಿದಳು, "ಬೂಟು ಹಾಕ್ಕೋ."

ತೌನೊ ಹಾಕಿಕೊಂಡ. ಸಂತೋಷದಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡು ಸಣ್ಣಕೆರೆಯ ಹಿಂದಿನ ಜೌಗಿನವರೆಗೂ ಹಾಗೇ ನಡೆದ. ಅಲ್ಲಿ ಹಣ್ಣು ಅಷ್ಟೇನೂ ಇರಲಿಲ್ಲ. ಹುಡುಕಿ ಹುಡುಕಿ ಬಕೆಟ್ಟಿನ ತಳ ಮುಚ್ಚುವಷ್ಟು ಸಿಕ್ಕಿತು. ಆದರೆ ದೇವಸ್ಥಾನಕ್ಕೆ ಹೋದವನು ಪ್ರಸಾದ ಅಳೆಯುತ್ತಾನೆಯೇ? ಹಿಂತಿರುಗುವಾಗ ಲೆಂಪಿ ತನ್ನ ತುಟಿಯ ಮೇಲೆ ಬೆರಳಿಟ್ಟು "ಬಾಯಿ" ಎಂದಳು. ತೌನೊ ಎದೆಯ ಮೇಲೆ ಕೈಯಿಟ್ಟು, "ಅತ್ತೆ, ಚರ್ಮ ಸುಲಿದ್ರೂ ಹೇಳಲ್ಲ" ಎಂದ.

ಮನೆಗೆ ಹೋಗುವ ಮುಂಚೆ ಅವನು ಕಾಫಿಪುಡಿ ತರಲು ಓಯಿವಾನ ಅಂಗಡಿಗೆ ಹೋದ. ಅಲ್ಲಿಂದಲೇ ಎಲ್ಲಾ ಶುರುವಾಯಿತು.

ಅಂಗಡಿಯಲ್ಲಿ ಸಾತು ನಿಂತಿದ್ದಳು. ದಕ್ಷಿಣದ ಪಟ್ಟಣದಿಂದ ಹೊಸದಾಗಿ ಬಂದ ಪುರಸಭೆಯ ಪ್ರವಾಸೋದ್ಯಮ ಕಾರ್ಯದರ್ಶಿ. ಪಾಪ, ಅವಳ ತೊಂದರೆ ಸಣ್ಣದಲ್ಲ. ಪಕ್ಕದ ಊರಿನಲ್ಲಿ ಹಿಮಸಾರಂಗದ ಗಾಡಿ ಇತ್ತು, ನಾಯಿಗಳು ಎಳೆಯುವ ಗಾಡಿ ಇತ್ತು, ಮಲಗಿಕೊಂಡೇ ಆಕಾಶ ನೋಡುವ ಗಾಜಿನ ಗುಡಿಸಲುಗಳಿದ್ದವು. ಪೆರಯಾರ್ವಿಯಲ್ಲಿ ಇದ್ದದ್ದು ಸುಟ್ಟುಹೋದ ಒಂದು ಮರದ ಮಿಲ್ಲು, ಮತ್ತು ಹಿಂದಿನ ಕಾಲದಲ್ಲಿ ರಾಜನೊಬ್ಬ ಕೂರದೆ ಮುಂದೆ ಹೋದ ಒಂದು ಬಂಡೆ. ಪ್ರವಾಸಿಗಳು ನೋಡಲೇಬೇಕಾದ ತಾಣಗಳು ಎಂದು ಪುಸ್ತಿಕೆ ಅಚ್ಚು ಹಾಕಿಸಬೇಕು, ತಾಣಗಳೇ ಇಲ್ಲ.

ಅವಳು ತೌನೊನ ಕಾಲು ನೋಡಿ ಮುಗ್ಧವಾಗಿ ಕೇಳಿದಳು, "ಅಯ್ಯೋ, ಬೂಟೆಲ್ಲಾ ಕೆಸರು! ಎಲ್ಲಿಗ್ ಹೋಗಿದ್ರಿ?"

ತಕ್ಕಡಿಯ ಮೇಲಿದ್ದ ಓಯಿವಾನ ಕೈ ಅಲ್ಲೇ ನಿಂತಿತು. ಹಾಲಿನ ಡಬ್ಬಿ ಎತ್ತಿಕೊಳ್ಳುತ್ತಿದ್ದ ಪಾದ್ರಿಗಳು ಡಬ್ಬಿಯ ಮೇಲೆ ಬರೆದದ್ದನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು. ಊರಿನ ಬೇರೆ ಯಾರೇ ಆಗಿದ್ದರೂ "ಆ ಕಡೆ" ಎಂದು ಆಕಾಶ ತೋರಿಸಿ ಬಿಟ್ಟುಬಿಡುತ್ತಿದ್ದರು. ತೌನೊ ಗ್ರಂಥಾಲಯದವನು. ಒಂದು ಮಾತಿನಲ್ಲಿ ಮುಗಿಸುವುದು ಅವನ ಘನತೆಗೆ ಕಡಿಮೆ. ಅತ್ತೆಯ ಜೌಗು ಇರುವುದು ಉತ್ತರಕ್ಕೆ, ಹಾಗಾಗಿ ಅವನು ದಕ್ಷಿಣಕ್ಕೆ ಕೈ ಚಾಚಿದ.

"ಕುರ್ಕಿ ಗುಡ್ಡದ ಹಿಂದಕ್ಕೆ ಹೋಗಿದ್ದೆ. ಪ್ರತಿಧ್ವನಿ ಕೇಳೋದಕ್ಕೆ."

"ಪ್ರತಿಧ್ವನಿನಾ?"

"ಸಾಮಾನ್ಯ ಪ್ರತಿಧ್ವನಿ ಅಲ್ಲ ಮೇಡಂ. ನೀವೊಂದು ಕೂಗಿದ್ರೆ ಅದು ಯೋಚ್ನೆ ಮಾಡಿ ಉತ್ತರ ಕೊಡುತ್ತೆ. ವಿದ್ವಾಂಸರ ಗಮನ ಇನ್ನೂ ಆ ಕಡೆ ಹರಿದಿಲ್ಲ."

ಸಾತುವಿನ ಕಣ್ಣು ಅರಳಿತು. ಓಯಿವಾ ಕೆಮ್ಮಿದ. "ಕುರ್ಕಿ ಗುಡ್ಡದ ಹಿಂದೆ ಪ್ರತಿಧ್ವನಿ ಇಲ್ಲ ಕಣೋ."

"ನೀನ್ ಹೋಗಿದೀಯಾ?" ಎಂದು ತೌನೊ ಕೇಳಿದ.

ಓಯಿವಾ ತಕ್ಕಡಿಯ ಮುಳ್ಳು ನೋಡಿದ. ಪಾದ್ರಿಗಳು ಅವನನ್ನೇ ನೋಡುತ್ತಿದ್ದರು. "ನಾನ್ಯಾಕೆ ಹೋಗ್ಲಿ ಅಲ್ಲಿಗೆ? ಇದ್ರೂ ಇರಬಹುದು" ಎಂದು ಅವನು ಕಾಫಿಪುಡಿ ತೂಗಿದ, ಸ್ವಲ್ಪ ಕಡಿಮೆಯೇ ತೂಗಿದ.

ಸಾತು ಚುರುಕಿನ ಹುಡುಗಿ. ವಾರ ಕಳೆಯುವುದರೊಳಗೆ ಹೊಸ ಪುಸ್ತಿಕೆಯಲ್ಲಿ ಸುಟ್ಟ ಮಿಲ್ಲಿಗಿಂತ ಮೇಲೆ ದಪ್ಪ ಅಕ್ಷರದಲ್ಲಿ ಪ್ರತಿಧ್ವನಿ ಬಂದಿತ್ತು. ಕಾಲ್ನಡಿಗೆ, ಪಕ್ಷಿವೀಕ್ಷಣೆ, ಕಡ್ಡಿಗೆ ಚುಚ್ಚಿ ಸಾಸೇಜು ಸುಡುವುದು, ಮತ್ತು ಉತ್ತರ ನಾಡಿನ ಏಕಮಾತ್ರ ಆಲೋಚನಾಪರ ಪ್ರತಿಧ್ವನಿ. ಗುಡ್ಡದ ಹಿಂದಿನವರೆಗೆ ಹಲಗೆ ಹಾದಿ ಹಾಕಿಸುವುದು, ಶನಿವಾರ ಮೊದಲ ತಂಡ ಕರೆತರುವುದು, ಮಾರ್ಗದರ್ಶಿ ತೌನೊ ಎಂದೆಲ್ಲಾ ತೀರ್ಮಾನವಾಗಿ, ನಿಯಮದಂತೆ ಊರಿನವರ ಅಭಿಪ್ರಾಯ ಕೇಳಲು ಶಾಲೆಯಲ್ಲಿ ಸಭೆ ಕರೆದರು.

ಪೆರಯಾರ್ವಿಯ ಸಭೆಗೆ ಮಾಮೂಲಾಗಿ ಬರುವವರು ಕಾಫಿ ಮತ್ತು ಏಲಕ್ಕಿ ಬನ್ನಿಗಾಗಿ ಬರುವವರು. ಆ ದಿನ ಕೂರಲು ಬೆಂಚು ಸಾಲಲಿಲ್ಲ. ಬನ್ನು ಯಾರೂ ಮುಟ್ಟಲಿಲ್ಲ. ಸಾತುವಿಗೆ ಊರಿನ ಉತ್ಸಾಹ ಕಂಡು ಕಣ್ಣು ತುಂಬಿ ಬಂತು.

ಮೊದಲು ಎದ್ದವನು ಗ್ರಾಮಸಮಿತಿಯ ಅಧ್ಯಕ್ಷ ವಿಲ್ಹೊ. ಅವನದು ಬಾವಿಯಿಂದ ಬಂದಂಥ ದನಿ. "ಕುರ್ಕಿ ಗುಡ್ಡದ ಹಿಂದೆ ಕರಡಿ ಇದೆ" ಎಂದ.

"ನೀವು ನೋಡಿದೀರಾ ಸಾರ್?" ಎಂದು ಸಾತು ಕೇಳಿದಳು.

"ಇಲ್ಲ. ಆ ಕಡೆ ನಾನು ಕಾಲೇ ಇಟ್ಟಿಲ್ಲ."

"ಮತ್ತೆ ಹೇಗ್ ಗೊತ್ತು?"

ವಿಲ್ಹೊ ಸುತ್ತಲೂ ನೋಡಿದ. "ಕರಡಿ ಸ್ವಭಾವ ನೋಡಿ ಹೇಳ್ತಿದೀನಿ" ಎಂದು ಕೂತ.

ಪಾದ್ರಿಗಳು ಎದ್ದು, ಸತ್ತವರು ಮಲಗಿರುವ ಊರಿನಲ್ಲಿ ಕೂಗಾಡುವುದು ಸರಿಯಲ್ಲ ಎಂದರು. ಸ್ಮಶಾನ ಇರುವುದು ಊರಿನ ಇನ್ನೊಂದು ಕೊನೆಯಲ್ಲಿ ಎಂದು ಸಾತು ನೆನಪಿಸಿದಳು. ಸದ್ದು ಗಾಳಿಯಲ್ಲಿ ಹೋಗುತ್ತದೆ ಎಂದರು ಪಾದ್ರಿಗಳು. ಆಮೇಲೆ ಓಯಿವಾ ಎದ್ದ. ಅವನ ಮುಖ ಕೆಂಪಾಗಿತ್ತು.

"ನೋಡಮ್ಮಾ, ಪ್ರತಿಧ್ವನಿ ಬರ್ಬೇಕು ಅಂದ್ರೆ ಬಂಡೆ ಬೇಕು, ಗೋಡೆ ಹಾಗೆ. ಅಲ್ಲಿ ಬಂಡೆ ಎಲ್ಲಿದೆ? ಗುಡ್ಡ ದಾಟಿದ್ರೆ ಮೂರು ಕುಳ್ಳ ಪೈನ್ ಮರ, ಒಂದು ಮುರಿದ ಕೊರಡು, ಆಮೇಲೆ ಪೂರ್ತಿ ಜೌಗು."

ಸಭೆಯಲ್ಲಿದ್ದ ಅಷ್ಟೂ ತಲೆಗಳು ಒಟ್ಟಿಗೆ ಓಯಿವಾನ ಕಡೆ ತಿರುಗಿದವು. ಓಯಿವಾ ಬೆವರು ಒರೆಸಿಕೊಂಡ. "ನಕ್ಷೇಲಿ ಹಾಗಿದೆ" ಎಂದ.

"ನಕ್ಷೇಲಿ ಕೊರಡು ಹಾಕ್ತಾರಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಒಳ್ಳೇ ನಕ್ಷೇಲಿ ಹಾಕ್ತಾರೆ."

ಕೊನೆಗೆ ಲೆಂಪಿ ಎದ್ದಳು. ಲೆಂಪಿ ಸಭೆಯಲ್ಲಿ ಮಾತಾಡಿದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. "ಆ ದಾರಿ ಬೇಡ" ಎಂದಳು.

"ಯಾಕಜ್ಜಿ?"

"ಬೇಡ."

"ಕಾರಣ ಹೇಳಿದ್ರೆ ಬರ್ಕೋತೀನಿ."

ಲೆಂಪಿ ಸಾತುವನ್ನು ನೋಡಿದಳು, ಆಮೇಲೆ ತೌನೊನನ್ನು ನೋಡಿದಳು. ಆ ನೋಟಕ್ಕೆ ಕೆರೆ ಹೆಪ್ಪುಗಟ್ಟಬೇಕು. "ಮಂಡಿ ನೋವು" ಎಂದು ಕೂತಳು.

ಹಿಲ್ಲಾ ಎಂಬ ಒಂದು ಮಾತನ್ನು ಯಾರಾದರೂ ಆಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಆಡಲಿಲ್ಲ. ಆಡಿದವನ ಜೌಗು ಅದೇ ಎಂದು ಊರಿಗೆಲ್ಲಾ ತಿಳಿದುಬಿಡುತ್ತಿತ್ತಲ್ಲ! ಸಾತು ಕರಡಿ, ಗಾಳಿ, ಬಂಡೆ, ಮಂಡಿ ನಾಲ್ಕನ್ನೂ ಗೌರವದಿಂದ ಗುರುತು ಹಾಕಿಕೊಂಡು, ಗಂಭೀರ ಆಕ್ಷೇಪಣೆಗಳಿಲ್ಲದ ಕಾರಣ ಯೋಜನೆ ಮಂಜೂರಾಗಿದೆ ಎಂದಳು. ತೌನೊಗೆ ಬಿಲ್ಲೆ ಹಚ್ಚಿದ ಹಸಿರು ಟೋಪಿ ತೊಡಿಸಿದರು. ಅವನು ಅದನ್ನು ಸ್ವಲ್ಪ ಓರೆ ಮಾಡಿಕೊಂಡ.

ಕಾರಿನಲ್ಲಿ ಮನೆಗೆ ಹೋಗುವಾಗ ಹೆಂಡತಿ ಸಿಲ್ವಿ ಸ್ಟೀರಿಂಗ್ ಹಿಡಿದಿದ್ದಳು.

"ಹೊಟ್ಟೆಕಿಚ್ಚು" ಎಂದ ತೌನೊ. "ಒಬ್ಬರ ಮುಖದಲ್ಲೂ ಕಳೆ ಇರ್ಲಿಲ್ಲ, ನೋಡಿದ್ಯಾ? ಆದ್ರೆ ನಾನು ಅತ್ತೆ ಜೌಗನ್ನ ಕಾಪಾಡ್ದೆ. ಎಲ್ಲಾರ್ನೂ ದಕ್ಷಿಣಕ್ಕೆ ತಿರುಗಿಸ್ಬಿಟ್ಟೆ. ಸಣ್ಣಕೆರೆ ಕಡೆ ಒಂದು ನೊಣಾನೂ ಹೋಗಲ್ಲ."

"ಸಣ್ಣಕೆರೆ ಕಡೆ ನೊಣಾನೂ ಯಾಕ್ ಹೋಗ್ಬೇಕು ಮಾರಾಯ? ಅಲ್ಲಿ ಏನಿದೆ?"

"ಅಂದ್ರೆ?"

"ಅಮ್ಮ ಅಲ್ಲಿಗೆ ಯಾರನ್ನ್ ಬೇಕಾದ್ರೂ ಕರ್ಕೊಂಡ್ ಹೋಗ್ತಾಳೆ. ಜಮೀನು ಅಳತೆಯವರನ್ನ ಕರ್ಕೊಂಡ್ ಹೋಗಿದ್ಲು. ಸ್ವೀಡನ್ನಿನಿಂದ ಬಂದ ದಾಯಾದಿಗಳನ್ನೂ ಕರ್ಕೊಂಡ್ ಹೋಗಿದ್ಲು. ಅದು ತೋರಿಸೋ ಜೌಗು."

ತೌನೊ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ಹಾಗಾದ್ರೆ ನಿಜವಾದ್ದು..."

"ನಾನ್ ಹೇಳೋಹಾಗಿಲ್ಲ" ಎಂದಳು ಸಿಲ್ವಿ. ಆದರೆ ಅವಳ ಕಣ್ಣು ತಾನಾಗಿಯೇ ದಕ್ಷಿಣದ ಕಿಟಕಿಯ ಕಡೆ ಹೋಗಿ ಬಂತು.

ತೌನೊ ಟೋಪಿಯ ಬಿಲ್ಲೆಯನ್ನು ಬೆರಳಿನಿಂದ ಮುಚ್ಚಿದ. ಅತ್ತೆ ತನ್ನನ್ನು ಸ್ವೀಡನ್ನಿನ ದಾಯಾದಿಗಳ ಸಾಲಿನಲ್ಲಿ ನಿಲ್ಲಿಸಿದ್ದಳು, ಅದೊಂದು ನೋವು. ತಾನು ಅವಳ ನಿಜವಾದ ಜೌಗಿಗೆ ಸರ್ಕಾರಿ ಹಲಗೆ ಹಾಕಿಸಿ ಕೊಟ್ಟಿದ್ದ, ಅದು ಇನ್ನೂ ದೊಡ್ಡದು. ಇನ್ನು ಅಳಿಯನಾಗುವ ಮಾತಿರಲಿ, ಕೆಮಿಯವನಾಗಿ ಉಳಿಯುವುದೂ ಅನುಮಾನವಾಗಿತ್ತು.

ಮಾರನೆಯ ದಿನ ಅವನು ಸಾತುವಿನ ಕಚೇರಿಗೆ ಹೋಗಿ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಮೇಡಂ, ಪ್ರತಿಧ್ವನಿ ಹೋಗ್ಬಿಡ್ತು."

"ಎಲ್ಲಿಗೆ?"

"ತೀರಿಕೊಳ್ತು. ನಿನ್ನೆ."

ಸಾತು ಕುರ್ಚಿ ಎಳೆದು ಅವನನ್ನು ಕೂರಿಸಿ ನೀರು ಕೊಟ್ಟಳು. ಕಲಾವಿದರಿಗೆ ಮೊದಲ ಪ್ರದರ್ಶನದ ಹಿಂದಿನ ದಿನಗಳಲ್ಲಿ ಹೀಗೆಯೇ ಆಗುತ್ತದೆ, ತಾನು ಓದಿದ್ದೇನೆ ಎಂದಳು. ತೌನೊ ಕೂಡ ಅದನ್ನು ಯಾವುದೋ ಹಿಂಬದಿಯ ರಟ್ಟಿನಲ್ಲಿ ಓದಿದ್ದ. ಹಾಗಾಗಿ ನೀರು ಕುಡಿದು ಹೊರಟ.

ಶನಿವಾರ ಬೆಳಿಗ್ಗೆ ಬಸ್ಸು ಬಂತು. ಜರ್ಮನಿಯ ನಿವೃತ್ತರ ತಂಡ, ಮುಂದೆ ಅವರ ನಾಯಕರಾಗಿ ಸಂಗೀತದ ಮೇಷ್ಟ್ರೊಬ್ಬರು. ಪ್ರತಿಧ್ವನಿಯನ್ನು ಕೇಳಲೆಂದೇ ಕಿವಿ ತೊಳೆಸಿಕೊಂಡು ಬಂದಿದ್ದೇನೆ ಎಂದು ಅವರು ಸಾತುವಿನ ಮೂಲಕ ತಿಳಿಸಿದರು. ಊರಿನಲ್ಲಿ ಆ ಹೊತ್ತು ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಡಿಯ ಬಾಗಿಲಿಗೆ ಬೀಗ, ಚರ್ಚಿಗೆ ಬೀಗ, ಗ್ರಾಮಸಮಿತಿಯ ಕಚೇರಿಗೂ ಬೀಗ. ಲೆಂಪಿಯ ಹಾಸಿಗೆ ತಣ್ಣಗಿತ್ತು. ತೌನೊಗೆ ಅದರ ಅರ್ಥ ಹೊಳೆಯಲಿಲ್ಲ. ತನ್ನ ಮುಖ ನೋಡಲಾರದೆ ಎಲ್ಲರೂ ಹೊರಟುಹೋಗಿದ್ದಾರೆ ಎಂದುಕೊಂಡ.

ಹೊಸ ಹಲಗೆಗಳ ಮೇಲೆ ಒಬ್ಬರ ಹಿಂದೊಬ್ಬರು ಸಾಗಿ, ಸೊಳ್ಳೆಗಳಿಗೆ ಕೈ ಬೀಸುತ್ತಾ ಗುಡ್ಡ ದಾಟಿದರು. ಮೂರು ಕುಳ್ಳ ಪೈನ್ ಮರಗಳು ಕಂಡವು. ಮುರಿದ ಕೊರಡು ಕಂಡಿತು. ಓಯಿವಾನ ನಕ್ಷೆ ನಿಜಕ್ಕೂ ಒಳ್ಳೆಯದು. ಆಮೇಲೆ ಜೌಗು ತೆರೆದುಕೊಂಡಿತು. ತೌನೊ ನಿಂತುಬಿಟ್ಟ. ಕಣ್ಣು ಹಾಯುವಷ್ಟು ದೂರವೂ ಬಂಗಾರ. ಸಣ್ಣಕೆರೆಯಲ್ಲಿ ತಾನು ತಪಸ್ಸಿನಂತೆ ಹುಡುಕಿದ ಹಣ್ಣು ಇಲ್ಲಿ ಕಾಲಿಡಲು ಜಾಗವಿಲ್ಲದಂತೆ ನಿಂತಿತ್ತು. ಯಾರಿಗೂ ಕಾಣದಿರಲಿ ಎಂದು ಕೋಟು ಬಿಚ್ಚಿ ಎರಡು ಕೈಯಲ್ಲೂ ಅಗಲಿಸಿ ಹಿಡಿದು ನಿಂತ. ಇದು ಇಲ್ಲಿನ ಸಂಪ್ರದಾಯವಿರಬೇಕೆಂದು ಜರ್ಮನಿಯವರೂ ಕೋಟು ಬಿಚ್ಚಿದರು.

ಮೇಷ್ಟ್ರು ಎದೆಯುಬ್ಬಿಸಿ ಕೂಗಿದರು. "ಹಲೋ!"

ಸೊಳ್ಳೆಗಳ ಸದ್ದು ಮಾತ್ರ ಕೇಳಿಸಿತು.

"ಯೋಚ್ನೆ ಮಾಡ್ತಿದೆ" ಎಂದಳು ಸಾತು, ನಂಬಿಕೆಯಿಂದ.

ಮತ್ತೆ ಕೂಗಿದರು. ಮತ್ತೆ ಏನೂ ಇಲ್ಲ. ಇನ್ನೂ ಒಳಗೆ ಹೋದರೆ ಸರಿಹೋಗಬಹುದು ಎಂದು ಮೇಷ್ಟ್ರು ಹಲಗೆಯ ತುದಿಯಿಂದ ಹಣ್ಣಿನ ಮೇಲೆ ಬೂಟುಗಾಲು ಎತ್ತಿದರು. ಅವರ ಹಿಂದೆ ಅಷ್ಟೂ ಜನ ಬೂಟುಗಾಲು ಎತ್ತಿ ನಿಂತರು.

ತೌನೊ ಜೀವಮಾನದಲ್ಲಿ ಯೋಚಿಸದೆ ಮಾಡಿದ್ದು ಅದೊಂದೇ ಕೆಲಸ. ಹಲಗೆಯ ಪಕ್ಕದ ಕಪ್ಪು ನೀರಿನ ಗುಂಡಿಗೆ ಧುಮುಕಿದ. ಸೊಂಟದವರೆಗೆ ಇಳಿದ. ಟೋಪಿ ತೇಲಿ, ಎರಡು ಸುತ್ತು ಹೊಡೆದು, ಬಿಲ್ಲೆಯ ಸಮೇತ ಮುಳುಗಿತು.

"ನೋಡಿ!" ಎಂದು ಅವನು ಹಲ್ಲು ಕಟಕಟಿಸುತ್ತಾ ಹೇಳಿದ. "ಇಲ್ಲಿ ಕಾಲಿಟ್ರೆ ಹೀಗಾಗುತ್ತೆ. ಯಾರೂ ಮುಂದೆ ಬರ್ಬೇಡಿ. ಇದು ಪ್ರಾತ್ಯಕ್ಷಿಕೆ."

ಎತ್ತಿದ ಕಾಲುಗಳು ಕೆಳಗಿಳಿದವು. ಮೇಷ್ಟ್ರು ಅವನಿಗೆ ತಲೆಬಾಗಿ ವಂದಿಸಿದರು. ಆಮೇಲೆ, ಬಂದ ಕೆಲಸ ಬಿಡಬಾರದಲ್ಲ, ಇದ್ದಲ್ಲಿಂದಲೇ ಕೊನೆಯ ಸಲ ಕೂಗಿದರು.

"ಹಲೋ!"

ಆಗ ಮುರಿದ ಕೊರಡಿನ ಹಿಂದಿನಿಂದ ಒಂದು ಮುದಿ ಹೆಂಗಸಿನ ದನಿ ಸಣ್ಣಗೆ, ಒಲ್ಲದ ಮನಸ್ಸಿನಿಂದ ಬಂತು. "ಹಲೋ."

ತೌನೊ ಗುಂಡಿಯಲ್ಲೇ ನೆಟ್ಟಗಾದ. ಆ ದನಿ ಅವನಿಗೆ ಗೊತ್ತು. ಅದು ಅವನಿಗೆ ಸೂಪು ಹಾಕಿಸುತ್ತಿದ್ದ ದನಿ.

ಉತ್ತರ ಬಂದರೆ ಪ್ರವಾಸಿಗಳು ಒಳಗೆ ಬರುವುದಿಲ್ಲ ಎಂಬ ಸತ್ಯ ಜೌಗಿಗೆಲ್ಲಾ ಅರ್ಥವಾಯಿತು. ಬಲಗಡೆಯ ಪೊದೆಯಿಂದ ಓಯಿವಾ "ಹಲೋ" ಎಂದ. ದೂರದ ದಿಬ್ಬದ ಹಿಂದಿನಿಂದ ವಿಲ್ಹೊನ ಬಾವಿಯ ದನಿ "ಹಲೋ" ಎಂದಿತು. ಕೊನೆಗೆ ಪಾದ್ರಿಗಳು ಅದನ್ನೇ ರಾಗವಾಗಿ ಎಳೆದು ಮುಗಿಸಿದರು. ಪ್ರವಾಸಿಗಳು ಬರುವ ಮುಂಚೆ ಕಿತ್ತುಬಿಡೋಣವೆಂದು ಒಬ್ಬೊಬ್ಬರೇ ಗುಟ್ಟಾಗಿ ಬಂದು ಬಕೆಟ್ಟಿನೊಂದಿಗೆ ಬೋರಲು ಮಲಗಿದ್ದವರು ಅವರು. ಈ ಜೌಗು ತನ್ನೊಬ್ಬನಿಗೆ ಮಾತ್ರ ಗೊತ್ತು ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಒಂದೊಂದು ಹಲೋ ಕೇಳಿದಾಗಲೂ ಉಳಿದವರ ಎದೆ ಒಡೆಯುತ್ತಿತ್ತು.

ಜರ್ಮನಿಯವರು ಕಿವಿಗೆ ಅಂಗೈ ಹಿಡಿದರು. ಇಂಥದನ್ನು ಅವರು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಒಬ್ಬರು ಸೀನಿದರು, ಗುಡ್ಡ ನಾಲ್ಕು ಸಲ ಸೀನಿತು. ಇನ್ನೊಬ್ಬರು ಜರ್ಮನ್ ಭಾಷೆಯಲ್ಲಿ ಒಂದು ಉದ್ದನೆಯ ಪದ್ಯ ಹೇಳಿದರು. ಅದು ಮುಗಿದ ಮೇಲೆ ದಿಬ್ಬದ ಹಿಂದಿನಿಂದ "ಏನಂದ?" ಎಂದು ಕೇಳಿಸಿತು.

ಯಾರೂ ತೌನೊನನ್ನು ಮೇಲೆತ್ತುವ ಗೋಜಿಗೆ ಹೋಗಲಿಲ್ಲ. ಅವನು ಮೆಲ್ಲಗೆ ಇಳಿಯುತ್ತಿದ್ದ. ನೀರು ಸೊಂಟದಿಂದ ಎದೆಗೆ ಬಂದಿತ್ತು. ಕೂಗಿದರೆ ಪ್ರತಿಧ್ವನಿಯ ಕಟ್ಟು ಕೆಡುತ್ತದೆ, ಅತ್ತೆಯ ಜೌಗು ಬಯಲಾಗುತ್ತದೆ ಎಂದು ತುಟಿ ಕಚ್ಚಿಕೊಂಡು, ಕೈ ಎರಡನ್ನೂ ಮೇಲಿಟ್ಟುಕೊಂಡು ಸುಮ್ಮನಿದ್ದ. ಮುಖದ ಬಣ್ಣ ಮಾತ್ರ ನೀಲಿಗೆ ತಿರುಗುತ್ತಿತ್ತು.

ಮೇಷ್ಟ್ರು ಪ್ರಯಾಣಕ್ಕೆಂದು ಕಲಿತಿದ್ದ ಕೆಲವೇ ಫಿನ್ನಿಷ್ ಮಾತುಗಳಲ್ಲಿ ಒಂದನ್ನು ನೆನಪು ಮಾಡಿಕೊಂಡು, ಅಂಗೈಗಳನ್ನು ಬಾಯಿಗೆ ಹಿಡಿದು ಕೂಗಿದರು. "ಯಾರದು ಅಲ್ಲಿ?"

ಓಯಿವಾ "ಯಾರದು ಅಲ್ಲಿ" ಎಂದ. ವಿಲ್ಹೊ "ಯಾರದು ಅಲ್ಲಿ" ಎಂದ. ಪಾದ್ರಿಗಳು ಶುರು ಮಾಡುವಷ್ಟರಲ್ಲಿ ಕೊರಡಿನ ಹಿಂದೆ ಏನೋ ಉರುಳಿದ ಸದ್ದಾಯಿತು. ತುಂಬಿದ ಬಕೆಟ್ಟು ಅದು. ಲೆಂಪಿ ಇಡೀ ಊರಿಗೆ, ಇಡೀ ಜರ್ಮನಿಗೆ ಕಾಣುವಂತೆ ಎದ್ದು ನಿಂತಿದ್ದಳು. ಕೈಯೆಲ್ಲಾ ಹಣ್ಣಿನ ರಸ, ತಲೆಗವಸು ಜಾರಿತ್ತು.

"ನಾನು ಲೆಂಪಿ!" ಎಂದು ಅವಳು ಕಿರುಚಿದಳು. "ಇದು ನನ್ನ ಜೌಗು! ಅಲ್ಲಿ ಮುಳುಗ್ತಾ ಇರೋನು ನನ್ನ ಅಳಿಯ! ನಿಂತ್ಕೊಂಡ್ ಏನ್ ನೋಡ್ತಿದೀರ್ರೋ, ಮೇಲಕ್ ಎಳೀರೋ ನನ್ನ ಅಳಿಯನ್ನ!"

ಮೇಷ್ಟ್ರಿಗೆ ಆ ಭಾಷೆಯಲ್ಲಿ ಪ್ರಶ್ನೆ ಬರುತ್ತಿತ್ತೇ ಹೊರತು ಉತ್ತರ ತಿಳಿಯುತ್ತಿರಲಿಲ್ಲ. ಅವರು ಗುಂಡಿಯ ಕಡೆ ಬಗ್ಗಿ ತೌನೊನನ್ನು ಸನ್ನೆ ಮಾಡಿ ವಿನಯದಿಂದ ಕೇಳಿದರು, ಪ್ರತಿಧ್ವನಿ ಏನು ಹೇಳಿತು?

ನೀರು ಕಂಕುಳಿಗೆ ಬಂದಿತ್ತು. ತೌನೊನ ಕಣ್ಣಿಂದ ನೀರು ಹರಿಯುತ್ತಿತ್ತು, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಸರಿಯಾಗಿ ಕೇಳಿಸ್ಲಿಲ್ಲ" ಎಂದ. "ಇನ್ನೊಂದ್ಸಲ ಕೂಗಿ."